ಊದಿದರೆ ಆರದ ದೀಪ

“ಊದಿದ್ರೆ ಆರೋ ದೀಪಾನಾ ಅದು?”

ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಆಡಿದ ಮಾತಿದು. ಸೊಸೆ ಮೊದಲು ನಕ್ಕುಬಿಟ್ಟಳು. ಊಟದ ಮೇಜಿನ ತುಂಬ ಪುಸ್ತಕದ ಕರಡಚ್ಚಿನ ಹಾಳೆಗಳು ಹರಡಿದ್ದವು. ಅವು ಹಾರಿಹೋಗದ ಹಾಗೆ ಒಂದು ಮೂಲೆಗೆ ಸಕ್ಕರೆ ಡಬ್ಬಿ, ಇನ್ನೊಂದು ಮೂಲೆಗೆ ಗಂಡನ ಕನ್ನಡಕದ ಪೆಟ್ಟಿಗೆ. ನಡುವೆ ಧ್ವನಿಮುದ್ರಣದ ಯಂತ್ರ. ಅದರೊಳಗಿಂದ ಬಲೆ ಹೆಣೆಯುವ ಮುದುಕನೊಬ್ಬ ಕೆಮ್ಮುತ್ತ ಕಥೆ ಹೇಳುತ್ತಿದ್ದ: “ಬಿರುಗಾಳಿ ರಾತ್ರಿ. ದೀಪದ ಗೋಪುರ ಹತ್ತಿದಳು ಪಾಪಿ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಫೂ ಅಂತ ಊದಿದಳು. ಆರೇಹೋಯ್ತು ದೀಪ!”

ಆ ‘ಫೂ’ ಸರಿಯಾಗಿ ಅಚ್ಚಾಗಿದೆಯೋ ಇಲ್ಲವೋ ಎಂದು ನೋಡುವುದಕ್ಕೇ ಸೊಸೆ ಯಂತ್ರ ಹಾಕಿಕೊಂಡು ಕೂತಿದ್ದಳು. ಸಂಜೆಯೊಳಗೆ ಕರಡು ನೋಡಿ ಮುಗಿಸಿ ಸಂಪಾದಕರಿಗೆ ಹೇಳಿದರೆ ಪುಸ್ತಕ ಅಚ್ಚಿಗೆ ಹೋಗುತ್ತಿತ್ತು. ಸಾಕಷ್ಟು ವರ್ಷಗಳ ಕೆಲಸ ಅದು. ಕಡಲ ತೀರದ ಊರೂರು ಅಲೆದು, ಮೀನು ಒಣಗಿಸುವ ಅಂಗಳಗಳಲ್ಲಿ, ದೋಣಿಗೆ ಕೀಲೆಣ್ಣೆ ಬಳಿಯುವವರ ಪಕ್ಕದಲ್ಲಿ, ಐಸ್ ಕಾರ್ಖಾನೆಯ ಬಾಗಿಲಲ್ಲಿ ಕೂತು ಸಂಗ್ರಹಿಸಿದ ಕಥೆಗಳು. ಅಲ್ಲಿಯ ಜನ ಅವಳಿಗೆ ‘ಕಥೆ ಮೇಡಂ’ ಎಂದೇ ಹೆಸರಿಟ್ಟಿದ್ದರು. ಕಥೆ ಮೇಡಂ ಬಂದರೆ ಕೆಲಸ ಕೆಟ್ಟಿತು ಎಂದು ಗೊಣಗುತ್ತಲೇ ಕೂರಲು ಮಣೆ ಕೊಡುತ್ತಿದ್ದರು.

ಕೆಲಸದಲ್ಲಿ ಅವಳದ್ದು ಒಂದೇ ಹಟ. ಹೇಳಿದವರ ಮಾತನ್ನು ಮುಟ್ಟಬಾರದು. ಕೆಮ್ಮಿದರೆ ಕೆಮ್ಮು, ತಡವರಿಸಿದರೆ ತಡವರಿಕೆ, ಬೈದರೆ ಬೈಗುಳ, ಎಲ್ಲ ಇದ್ದ ಹಾಗೇ ಉಳಿಯಬೇಕು. ಕಚೇರಿಯಲ್ಲಿ ಯಾರೋ ಒಮ್ಮೆ ಒಂದು ಬೈಗುಳ ಅಳಿಸಿದ್ದಕ್ಕೆ ಇವಳು ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದಳು. ಕಥೆ ಶುರುವಾಗುವ ಮೊದಲು ಕೇಳುವುದು ಮೂರೇ ಪ್ರಶ್ನೆ: ನಿಮ್ಮ ಹೆಸರೇನು, ವಯಸ್ಸೆಷ್ಟು, ಈ ಕಥೆ ಯಾರಿಂದ ಕೇಳಿದ್ದು. ಅಷ್ಟಾದ ಮೇಲೆ ಬಾಯಿಗೆ ಬೀಗ.

ಸಿಕ್ಕ ಕಥೆಗಳಲ್ಲೆಲ್ಲ ಮುತ್ತಿನಂಥದ್ದು ಬಂಡೆಯಾದವಳ ಕಥೆ. ಲೈಟ್‌ಹೌಸ್ ಕಾಯುವವನ ಹೆಂಡತಿ ಬಿರುಗಾಳಿಯ ರಾತ್ರಿ ದೀಪ ಆರಿಸಿದಳು, ಏಳು ದೋಣಿ ಬಂಡೆಗೆ ಬಡಿದು ಒಡೆದವು, ಸಮುದ್ರ ಸಿಟ್ಟಿಗೆದ್ದು ಅವಳನ್ನು ಎಳೆದುಕೊಂಡು ಅದೇ ನೀರಿನಲ್ಲಿ ಕಪ್ಪು ಬಂಡೆ ಮಾಡಿ ನಿಲ್ಲಿಸಿತು. ಯಾಕೆ ಆರಿಸಿದಳು ಎಂಬುದಕ್ಕೆ ಮಾತ್ರ ಬಾಯಿಗೊಂದು ಕಾರಣ. ಮಿಂಡನಿಗಾಗಿ ಎಂದು ಒಬ್ಬರು, ಕಳ್ಳಸಾಗಣೆಯವರು ಕೊಟ್ಟ ಚಿನ್ನಕ್ಕಾಗಿ ಎಂದು ಇನ್ನೊಬ್ಬರು, ಬೆಳಕಿಗೆ ನಿದ್ದೆ ಬರಲಿಲ್ಲವೆಂದು ಮತ್ತೊಬ್ಬರು. ಆ ಬಂಡೆಯ ಪಕ್ಕ ಹಾದುಹೋಗುವ ಪ್ರತಿ ದೋಣಿಯವರೂ ಒಂದು ಕಲ್ಲೆಸೆದು ಶಪಿಸಿ ಮುಂದೆ ಹೋಗುತ್ತಾರೆ.

ಇದು ಮುನ್ನೂರು ವರ್ಷದಷ್ಟಾದರೂ ಹಳೆಯ ಕಥೆ ಎಂದು ಸೊಸೆ ಉದ್ದನೆಯ ಮುನ್ನುಡಿಯಲ್ಲಿ ಸಾಧಿಸಿದ್ದಳು. ತೊಡಕು ಇರಲಿಲ್ಲವೆಂದಲ್ಲ. ಯಾರೇ ಹೇಳಲಿ, ದೀಪಕ್ಕೆ ಸೀಮೆಎಣ್ಣೆ ಇರುತ್ತಿತ್ತು; ಮುನ್ನೂರು ವರ್ಷದ ಹಿಂದೆ ಸೀಮೆಎಣ್ಣೆ ಎಲ್ಲಿತ್ತು? ಅದಕ್ಕವಳು ಅಡಿಟಿಪ್ಪಣಿ ಹಾಕಿದ್ದಳು: ‘ಸೀಮೆಎಣ್ಣೆ ಇತ್ತೀಚಿನವರ ಸೇರ್ಪಡೆ.’ ಬಲೆ ಹೆಣೆಯುವ ಮುದುಕ ನಡುವೆ “ನಾನೇ ನೋಡಿದೀನಿ ಮೇಡಂ” ಎಂದಿದ್ದ. ಅದಕ್ಕೂ ಟಿಪ್ಪಣಿ ಇತ್ತು: ‘ಕಣ್ಣಾರೆ ಕಂಡೆ ಎನ್ನುವುದು ಕಥೆಗಾರರ ಒಂದು ವರಸೆ.’ ಒಣಮೀನು ಮಾರುವ ಮುದುಕಿಯೊಬ್ಬಳು ಕಥೆ ಮುಗಿಸಿ ಬುಟ್ಟಿಯ ಮೇಲೆ ಬಗ್ಗಿ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅಲ್ಲಿ ಸೊಸೆ ಬರೆದಿದ್ದು ‘ಕಥನದ ಆವೇಶ’ ಎಂದು. ಓದು ಹೆಚ್ಚಾದರೆ ಹೀಗೂ ಆಗುತ್ತದೆ.

ಈಗ ಅತ್ತೆಯ ಮಾತಿಗೆ ನಕ್ಕು ಸೊಸೆ ಯಂತ್ರ ನಿಲ್ಲಿಸಿದಳು.

“ಮತ್ತೆ ಹೇಗೆ ಆರುತ್ತೆ ಅತ್ತೆ?”

“ಆಳೆತ್ತರದ ಗಾಜು ಇರುತ್ತೆ ಸುತ್ತ. ಎಲ್ಲಿಂದ ಊದ್ತೀಯ? ಬುಡದಲ್ಲಿ ಎಣ್ಣೆ ತೊಟ್ಟಿ, ಅದಕ್ಕೊಂದು ತಿರುಪು. ತಿರುಪು ಬಿಗಿದು ಎಣ್ಣೆ ನಿಲ್ಲಿಸ್ಬೇಕು. ಅವಸರ ಅಂದ್ರೆ ಮೇಲಿಂದ ಒದ್ದೆ ಗೋಣಿಚೀಲ ಮುಚ್ಚಬೇಕು. ಬಕೆಟ್ಟಲ್ಲಿ ನೆನೆಸಿ ಇಟ್ಟಿರ್ತಾರೆ, ಅದಕ್ಕೇ ಅಂತ.” ಅತ್ತೆ ಒಂದು ಹುಳುಕು ಬಟಾಣಿ ಆರಿಸಿ ಪಕ್ಕಕ್ಕಿಟ್ಟರು. “ಅವನ ಮಾತು ಕೇಳಿ ನೀನೂ ಬರ್ಕೊಂಡೆ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ.”

ಸೊಸೆಯ ನಗು ತುಟಿಯಲ್ಲೇ ಒಣಗಿತು. ಅತ್ತೆ ಸಮುದ್ರವನ್ನೇ ನೋಡಿದವರಲ್ಲ. ಹಾಗೆಂದು ಮನೆಯವರೆಲ್ಲ ತಿಳಿದಿದ್ದರು. ತವರೂರು ಯಾವುದೆಂದರೆ “ಮುಳುಗಿಹೋಯ್ತು” ಎನ್ನುತ್ತಿದ್ದರು. ಯಾವುದೋ ಅಣೆಕಟ್ಟಿನಲ್ಲಿ ಮುಳುಗಿರಬೇಕು ಎಂದುಕೊಂಡು ಯಾರೂ ಮುಂದೆ ಕೇಳುತ್ತಿರಲಿಲ್ಲ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಈ ಊರಿಗೆ ಬಂದು, ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಒಬ್ಬನೇ ಮಗನನ್ನು ಸಾಕಿದವರು. ಸೊಸೆ ತಂದ ಕಥೆಗಳನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳುವವರು. “ಇವತ್ತು ಯಾವ ಭೂತ ಹಿಡ್ಕೊಂಡು ಬಂದ್ಯೇ?” ಎಂದು ಬಾಗಿಲಲ್ಲೇ ಕೇಳುವವರು. ಈ ಒಂದು ಕಥೆ ಬಂದಾಗ ಮಾತ್ರ ಅವರಿಗೆ ಹೊಲಿಗೆ ಯಂತ್ರದ ಕೆಲಸ ನೆನಪಾಗುತ್ತಿತ್ತು. ಸೊಸೆ ಅದನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ನಿಮಗೆ ಹೇಗೆ ಗೊತ್ತು ಅತ್ತೆ?”

ಅತ್ತೆ ಸುಲಿದ ಸಿಪ್ಪೆಗಳನ್ನು ಮೊರಕ್ಕೆ ಹಾಕಿದರು, ಮೊರವನ್ನು ಕೆಳಗಿಟ್ಟರು, ಕೈ ಒರೆಸಿಕೊಂಡರು. ಸೊಸೆಯ ಬೆರಳು ತನ್ನಷ್ಟಕ್ಕೆ ಹೋಗಿ ಯಂತ್ರದ ಕೆಂಪು ಗುಂಡಿ ಒತ್ತಿತು. ನಾಲಿಗೆಯೂ ಅಭ್ಯಾಸಬಲದಿಂದಲೇ ಹೊರಳಿತು.

“ಈ ಕಥೆ ನೀವು ಯಾರಿಂದ ಕೇಳಿದ್ದು?”

“ಯಾರಿಂದಲೂ ಕೇಳಿದ್ದಲ್ಲ. ಆರಿಸಿದ್ದು ನಾನೇ.”

ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಸೊಸೆಗೆ ಎಲ್ಲೋ ದೂರದಲ್ಲಿ ಕೇಳಿಸಿತು. ಎದುರಿಗೆ ಕೂತಿರುವುದು ದಿನಾ ಬೆಳಿಗ್ಗೆ ಕಾಫಿ ಆರಿತು ಎಂದು ರೇಗುವ, ತನ್ನ ರವಿಕೆಗಳಿಗೆ ಕೇಳದೆಯೇ ಗುಂಡಿ ಹೊಲಿದಿಡುವ ಅದೇ ಹೆಂಗಸು. ಮೇಜಿನ ಮೇಲಿನ ಮುಖಪುಟದ ಚಿತ್ರದಲ್ಲಿ ಇರುವುದು ಕೆದರಿದ ಕೂದಲಿನ, ಕೋರೆಹಲ್ಲಿನ, ಕಪ್ಪು ಸೀರೆಯ ರಕ್ಕಸಿ. ಇಬ್ಬರೂ ಒಬ್ಬರೇ ಎಂಬುದು ಅವಳ ತಲೆಯೊಳಗೆ ಇಳಿಯಲೇ ಇಲ್ಲ.

“ಆ ಯಂತ್ರ ಓಡ್ತಿದೆಯಾ?” ಅತ್ತೆ ಕೇಳಿದರು.

“ಹೂಂ.”

“ಓಡ್ಲಿ. ಒಂದ್ಸಲ ಪೂರ್ತಿ ಹೇಳಿಬಿಡ್ತೀನಿ. ಆಮೇಲೆ ಏನ್ಮಾಡ್ಬೇಕು ಅಂತ ನಾನು ಹೇಳ್ತೀನಿ.”

ಹೇಳಿದರು. ಧ್ವನಿ ಏರಿಸಲಿಲ್ಲ, ಇಳಿಸಲೂ ಇಲ್ಲ.

“ನಿಮ್ಮ ಮಾವನೋರಿಗೆ ಜ್ವರ ಜಾಸ್ತಿಯಾಗಿ ಪೇಟೆ ಆಸ್ಪತ್ರೆಗೆ ಸೇರಿಸಿದ್ರು. ಬದಲಿ ಆಳು ಬರ್ತಾನೆ, ಅಲ್ಲೀವರೆಗೆ ನೀನೇ ನೋಡ್ಕೊಳ್ಳಮ್ಮ ಅಂದ್ರು ಆಫೀಸಿನೋರು. ಬದಲಿ ಆಳು ಬರಲೇ ಇಲ್ಲ. ದಿನಾ ನಾನೇ ಮೆಟ್ಟಿಲು ಹತ್ತಿ ಹಚ್ತಿದ್ದೆ. ಮಗೂನ ಕೆಳಗೆ ಯಾರ ಹತ್ರ ಬಿಡ್ಲಿ? ಬೆನ್ನಿಗೆ ಕಟ್ಕೊಂಡು ಹತ್ತೋದು, ದೀಪದ ಕೋಣೇಲೇ ಆ ಕಡೆ ಗೋಡೆ ಹತ್ರ ಬಟ್ಟೆ ಹಾಸಿ ಮಲಗ್ಸೋದು. ಬೆಚ್ಚಗಿರ್ತಿತ್ತು ಅಲ್ಲಿ.”

“ಮಗು?” ಎಂದಳು ಸೊಸೆ. ಅಷ್ಟು ಜನರ ಬಾಯಲ್ಲಿ ಕೇಳಿದ ಕಥೆಯಲ್ಲಿ ಎಲ್ಲೂ ಮಗು ಇರಲಿಲ್ಲ.

“ಮಗು. ಆ ರಾತ್ರಿ ಗಾಳಿಗೆ ಕಿಟಕಿ ಗಾಜು ಒಡೀತು. ಚೌಕಟ್ಟು ಬಂದು ದೀಪಕ್ಕೆ ಬಡೀತು. ತೊಟ್ಟಿ ಸೀಳಿ ಎಣ್ಣೆ ನೆಲಕ್ಕೆ ಸುರೀತು, ಸುರಿದಿದ್ದಕ್ಕೆ ಬೆಂಕಿ ಹತ್ತಿತು. ಬೆಂಕಿಯಿಂದ ಈ ಕಡೆ ನಾನು, ಆ ಕಡೆ ಮಗು. ದೀಪ ಉರೀತಿದ್ರೆ ನೆಲಾನೂ ಉರಿಯುತ್ತೆ. ಇರೋದು ಒಂದೇ ಗೋಣಿಚೀಲ. ತಿರುಪು ಬಿಗಿದೆ, ದೀಪದ ಮೇಲೆ ಗೋಣಿ ಹಾಕಿದೆ. ಕತ್ತಲಾಯ್ತು. ನೆಲದ ಬೆಂಕೀನ ಕಾಲಲ್ಲೇ ತುಳಿದು ಮಗು ಎತ್ಕೊಂಡೆ. ಅಷ್ಟೊತ್ತಿಗೆ ಅದರ ಬಟ್ಟೆಗೆ ತಗುಲಿ ಕಾಲು ಸುಟ್ಟಿತ್ತು.”

ಸೊಸೆ ಕುರ್ಚಿಯ ತೋಳು ಹಿಡಿದುಕೊಂಡಳು. ಗಂಡನ ಎಡಗಾಲಿನ ಮೀನಖಂಡದ ಮೇಲೆ ಅಂಗೈಯಗಲದ ಸುಟ್ಟ ಕಲೆ ಇದೆ. ಮದುವೆಯಾದ ಹೊಸದರಲ್ಲಿ ಕೇಳಿದ್ದಳು. “ಚಿಕ್ಕವನಿದ್ದಾಗ ಬಿಸಿನೀರಿನ ಹಂಡೆ ಹತ್ರ ಹೋಗಿದ್ನಂತೆ, ಅಮ್ಮ ಹೇಳ್ತಾರೆ” ಎಂದಿದ್ದ.

ಅವಳಿಗೆ ಒಂದು ಆಸೆ ಮೊಳೆಯಿತು. “ಹಾಗಾದ್ರೆ ಅದು ನಿಮ್ಮ ತಪ್ಪಲ್ಲ ಅತ್ತೆ. ಗಾಳಿ ಆರಿಸ್ತು. ಗಾಳಿಯೇ ಆರಿಸಿದ್ದು ಅನ್ನಿ.”

“ಗಾಳಿಗ್ಯಾಕೆ ಇಲ್ಲದ ಅಪವಾದ?” ಎಂದರು ಅತ್ತೆ. “ಇನ್ನೊಂದು ಚಿಕ್ಕ ದೀಪ ಇತ್ತು, ಕೆಳಗಿನ ಕೋಣೇಲಿ. ತೊಟ್ಟಿ ಒಡೆದ್ರೆ ಅಂತಾನೇ ಇಟ್ಟಿರೋದು. ಹಚ್ಚಿ ಮೇಲೆ ಒಯ್ಯಬಹುದಿತ್ತು. ನಿಮ್ಮ ಮಾವನೋರು ಅದನ್ನ ಹೇಗೆ ಹಚ್ಚೋದು ಅಂತ ಹೇಳಿಕೊಟ್ಟಿದ್ರು.”

“ಮತ್ತೆ?”

“ಮಗು ಅಳ್ತಿತ್ತು.”

ಸೊಸೆ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡಳು.

“ಎಂಥ ಅಳು ಅಂತೀಯ? ಉಸಿರು ಸಿಗ್ತಿರಲಿಲ್ಲ ಅದಕ್ಕೆ. ನೀರು ಹಾಕ್ತಾ ಕೂತೆ, ಎದೆಗೆ ಹಾಕ್ಕೊಂಡೆ. ಈಗ ಹೋಗ್ತೀನಿ, ಈಗ ಹಚ್ತೀನಿ ಅಂದ್ಕೊಂಡೇ ಕೂತೆ. ಕೆಳಗಿಟ್ರೆ ಸತ್ತುಹೋಗುತ್ತೆ ಅನ್ನಿಸ್ತು. ಆಮೇಲೆ ಕಡಲಿಂದ ಕೂಗು ಕೇಳಿಸ್ತು. ಏಳು ದೋಣಿ ಅಲ್ಲ, ಮೂರು. ಕಥೆಗೆ ಏಳು ಅಂದ್ರೆ ಇಷ್ಟ. ಅದರಲ್ಲಿದ್ದೋರ ಹೆಸರೆಲ್ಲ ನಂಗೆ ಗೊತ್ತು. ಹೇಳ್ಲಾ?”

“ಬೇಡ ಅತ್ತೆ.”

ಬೇಡ ಎಂದಿದ್ದು ಭಯಕ್ಕೆ. ಒಣಮೀನಿನ ಬುಟ್ಟಿಯ ಮೇಲೆ ಬಗ್ಗಿದ ಆ ಮುದುಕಿಯ ಬೆನ್ನು ಅವಳ ಕಣ್ಣಮುಂದೆ ಬಂದು ನಿಂತಿತ್ತು. ಕಥನದ ಆವೇಶವಂತೆ! ಆ ಹೆಸರುಗಳಲ್ಲಿ ಒಂದು ಆ ಮುದುಕಿಯ ಗಂಡನದೋ ಅಣ್ಣನದೋ ಆಗಿರಲೇಬೇಕು. ಬಲೆಯ ಮುದುಕ ಆ ದೋಣಿಗಳು ಒಡೆದಿದ್ದನ್ನು ನಿಜಕ್ಕೂ ನೋಡಿದ್ದ. ‘ಹಳೇ ಕಥೆ ಇದ್ರೆ ಹೇಳಿ’ ಎಂದು ತಾನು ಕೇಳಿದ್ದಳು, ಅದಕ್ಕವರು ‘ಹಿಂದೊಂದು ಕಾಲದಲ್ಲಿ’ ಎಂದು ಶುರುಮಾಡಿದ್ದರು. ನಲವತ್ತು ಚಿಲ್ಲರೆ ವರ್ಷದ ನೋವನ್ನು ತಾನು ಮುನ್ನೂರು ವರ್ಷ ಹಿಂದಕ್ಕೆ ತಳ್ಳಿ, ಸಭೆಗಳಲ್ಲಿ ಭಾಷಣ ಮಾಡಿ, ಚಪ್ಪಾಳೆ ತಟ್ಟಿಸಿಕೊಂಡಿದ್ದಳು. ನಾಚಿಕೆಯಿಂದ ಅವಳ ಮೈಯೆಲ್ಲ ಬಿಸಿಯಾಯಿತು. ಅದರ ಹಿಂದೆಯೇ ಅತ್ತೆಯ ಮೇಲೆ ಸಿಟ್ಟು ಬಂತು. ಮೂರು ದೋಣಿ ಜನ! ಚಿಕ್ಕ ದೀಪ ಹಚ್ಚಲಿಲ್ಲವಲ್ಲ ಈ ಹೆಂಗಸು!

“ನಿಮಗೆ ಒಂದು ದಿನವೂ ಅನ್ನಿಸ್ಲಿಲ್ವಾ ಅತ್ತೆ, ಹಚ್ಚಬೇಕಿತ್ತು ಅಂತ?” ಧ್ವನಿ ತನಗೇ ಒರಟಾಗಿ ಕೇಳಿಸಿತು.

“ದಿನಾ ಅನ್ನಿಸುತ್ತೆ. ಆದ್ರೆ ಇವತ್ತು ಅದೇ ರಾತ್ರಿ ಬಂದ್ರೂ ಮಗೂನ ಕೆಳಗಿಡಲ್ಲ.” ಅತ್ತೆ ಅವಳ ಮುಖವನ್ನೇ ನೋಡಿದರು. “ಅದಕ್ಕೇ ಯಾರಿಗೂ ಹೇಳಲಿಲ್ಲ. ಹೇಳಿದ್ರೆ ಅಯ್ಯೋ ಅನ್ನೋರು ಇರ್ತಾರೆ, ಥೂ ಅನ್ನೋರು ಇರ್ತಾರೆ. ಎರಡೂ ನಂಗೆ ಬೇಡ. ಬೆಳಗಾಗೋದ್ರೊಳಗೆ ಹಿಂದಿನ ದಾರೀಲಿ ಹೊರಟೆ, ಆಸ್ಪತ್ರೆಗೆ. ನಿಮ್ಮ ಮಾವನೋರು ಆ ವಾರವೇ ಹೋದ್ರು. ಊರೋರು ನನ್ನ ಹುಡುಕಿದ್ರು. ನಾನು ಸಿಗಲಿಲ್ಲ, ಬಂಡೆ ಸಿಕ್ತು.”

ಯಂತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು. ಸೊಸೆಯೊಳಗಿನ ಕಥೆ ಮೇಡಂ ಇನ್ನೂ ಪೂರ್ತಿ ಸತ್ತಿರಲಿಲ್ಲ. ಇಡೀ ಕರಾವಳಿಯ ಬಾಯಲ್ಲಿರುವ ಕಥೆ, ಅದರ ಮೊದಲ ಬಾಯಿ ಈಗ ತನ್ನ ಊಟದ ಮೇಜಿನ ಮುಂದೆ! ಇಂಥದ್ದು ಯಾವ ಸಂಗ್ರಹಕಾರರಿಗೆ ಸಿಕ್ಕೀತು? ಅಚ್ಚು ನಿಲ್ಲಿಸಬೇಕು, ಮುನ್ನುಡಿ ಸುಡಬೇಕು, ಈ ಮಾತುಗಳನ್ನು ಹೀಗೇ ಹಾಕಬೇಕು. ಜನ ಕಲ್ಲೆಸೆಯುವುದು ನಿಲ್ಲುತ್ತದೆ. ಅತ್ತೆಯ ಕೈ ಹಿಡಿದುಕೊಂಡು ಅದನ್ನೇ ಒಂದೇ ಉಸಿರಿಗೆ ಹೇಳಿದಳು.

“ಸತ್ಯ ಗೊತ್ತಾಗ್ಲಿ ಅತ್ತೆ. ನಿಮ್ಮ ಮೇಲೆ ಇಷ್ಟು ವರ್ಷ ಕಲ್ಲು ಬಿದ್ದಿದ್ದು ಸಾಕು.”

“ನನ್ನ ಮೇಲೆ ಬೀಳೋದು ನಿಲ್ಲುತ್ತೆ,” ಎಂದರು ಅತ್ತೆ. “ಆಮೇಲೆ ಯಾರ ಮೇಲೆ ಬೀಳುತ್ತೆ?”

ಸೊಸೆಯ ಕೈ ಸಡಿಲವಾಯಿತು.

“ನೀನೇ ಹೇಳ್ತೀಯಲ್ಲ, ಹೇಳಿದ್ರಲ್ಲಿ ಒಂದಕ್ಷರ ತೆಗಿಯಲ್ಲ ಅಂತ. ನಾನು ಹೇಳಿದ್ರಲ್ಲಿ ಮಗು ಇದೆ. ಮಗು ಬಂತೋ, ಅದು ಯಾರು, ಎಲ್ಲಿದೆ, ಏನ್ಮಾಡ್ತಿದೆ ಅಂತ ಕೇಳ್ತಾರೆ. ಊರೋರು ಬಿಡು. ಅವನಿಗೆ ಗೊತ್ತಾದ್ರೆ? ತನ್ನ ಕಾಲು ನೋಡ್ಕೊಂಡಾಗೆಲ್ಲ ಮೂರು ದೋಣಿ ಕಾಣುತ್ತೆ ಅವನಿಗೆ. ಸಣ್ಣದಕ್ಕೂ ನಿದ್ದೆಗೆಡೋನು ಅವನು. ಬಂಡೆಗೆ ಏನು? ಎಸೀಲಿ. ಬಂಡೆಗೆ ನೋಯಲ್ಲ.” ಯಂತ್ರದ ಕಡೆ ಗದ್ದ ಆಡಿಸಿದರು. “ಅಳಿಸು.”

ಕೆಮ್ಮನ್ನೂ ಅಳಿಸದ ಸೊಸೆ ಯಂತ್ರವನ್ನು ಕೈಗೆತ್ತಿಕೊಂಡಳು. ಅಳಿಸುವ ಗುಂಡಿ ಎಲ್ಲಿದೆ ಎಂಬುದೇ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಹುಡುಕಬೇಕಾಯಿತು. ಸಿಕ್ಕಿತು. ‘ಖಚಿತವೇ?’ ಎಂದು ಯಂತ್ರ ಕೇಳಿತು. ಅವಳ ಕಣ್ಣು ಮಂಜಾಗಿ ಅಕ್ಷರಗಳು ಕಲಸಿಕೊಂಡವು. ಒತ್ತಿದಳು.

ಅಷ್ಟರಲ್ಲಿ ಹೊರಗೆ ಗೇಟಿನ ಸದ್ದು. ಬಸ್ ಡಿಪೋದ ಮೆಕ್ಯಾನಿಕ್ ಆದ ಮಗ ಎಂದಿನಂತೆ ಅಂಗಳದ ನಲ್ಲಿಯ ಹತ್ತಿರವೇ ಪ್ಯಾಂಟು ಮಡಚಿ ಕೈಕಾಲಿನ ಗ್ರೀಸ್ ತೊಳೆಯಲು ನಿಂತ. ಅಡುಗೆಮನೆಯ ಕಿಟಕಿಯಿಂದ ಅವನ ಎಡಗಾಲು ಕಾಣುತ್ತಿತ್ತು. ಸೊಸೆ ಆ ಕಲೆಯನ್ನು ಸಾವಿರ ಸಲ ನೋಡಿದ್ದಳು. ಈಗ ನೋಡಲಾರದೆ ಮುಖ ತಿರುಗಿಸಿದಳು.

“ಏನಿದು, ಅತ್ತೆ ಸೊಸೆ ಇಬ್ರೂ ಮುಖ ಹೀಗೆ ಮಾಡ್ಕೊಂಡಿದೀರ? ಜಗಳನಾ?” ಒಳಗೆ ಬಂದವನು ಮುಖಪುಟದ ಚಿತ್ರ ಎತ್ತಿಕೊಂಡು ನಕ್ಕ. “ಓಹೋ, ನಮ್ಮ ರಕ್ಕಸಿ! ಅಮ್ಮಾ, ನೋಡಿಲ್ಲಿ. ನಾನು ಕಲ್ಲಲ್ಲಿ ಹೊಡೆದ ಏಟಿಗೆ ಹಣೇಲಿ ಒಂದು ಗಾಯ ಬರೀಬೇಕಿತ್ತು ಚಿತ್ರದೋನು.”

“ಚೆನ್ನಾಗೇ ಬಂದಿದೆ,” ಎಂದರು ಅತ್ತೆ. “ಹೋಗು, ಬಟ್ಟೆ ಬದಲಾಯಿಸ್ಕೊ.”

ಅವನು ಸಿಳ್ಳೆ ಹಾಕುತ್ತ ಕೋಣೆಗೆ ಹೋದ. ಫೋನ್ ಬಡಿದುಕೊಂಡಿತು. ಸಂಪಾದಕರು.

“ಮೇಡಂ, ಮುಗೀತಾ? ತಿದ್ದುಪಡಿ ಇದೆಯಾ?”

“ಬಂಡೆಯಾದವಳ ಕಥೇಲಿ ಮೂರು ಟಿಪ್ಪಣಿ ತೆಗೀರಿ ಸರ್. ಸೀಮೆಎಣ್ಣೆದು, ಕಣ್ಣಾರೆ ಕಂಡೆ ಅನ್ನೋದು, ಕಥನದ ಆವೇಶ. ಮುನ್ನುಡಿಯಲ್ಲಿ ಮುನ್ನೂರು ವರ್ಷ ಅನ್ನೋ ಭಾಗವೂ ಬೇಡ.”

“ಅಯ್ಯೋ, ಅದೇ ಅಲ್ವಾ ನಿಮ್ಮ ಮುಖ್ಯ ವಾದ! ಮತ್ತೆ ಎಷ್ಟು ಹಳೇದು ಅಂತ ಹಾಕೋಣ?”

“ಗೊತ್ತಿಲ್ಲ ಅಂತ ಹಾಕಿ.”

“ಕಥೆ?”

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಉಳಿದ ಬಟಾಣಿ ಸುಲಿಯಲು ಶುರುಮಾಡಿದ್ದರು.

“ಕಥೆ ಅವರು ಹೇಳಿದ ಹಾಗೇ ಇರಲಿ,” ಎಂದು ಫೋನ್ ಇಟ್ಟಳು.

ಮುಖಪುಟದ ರಕ್ಕಸಿಯ ಹಣೆಯ ಮೇಲೆ ಅವಳ ಕಣ್ಣು ನಿಂತಿತು. ಹೋದ ತಿಂಗಳು ರಜೆಯಲ್ಲಿ ಗಂಡ ಹೆಂಡತಿ ಇಬ್ಬರೂ ಆ ಬಂಡೆ ನೋಡಲು ದೋಣಿ ಮಾಡಿಕೊಂಡು ಹೋಗಿದ್ದರು. ಉಪ್ಪುಗಾಳಿ ಆಗಿಬರುವುದಿಲ್ಲ ಎಂದು ಅತ್ತೆ ಬಂದಿರಲಿಲ್ಲ. ದೋಣಿಯವನು ಡಬ್ಬಿಯಿಂದ ಒಂದೊಂದು ಕಲ್ಲು ಕೊಟ್ಟಿದ್ದ. ಇವಳದ್ದು ನೀರಿಗೆ ಬಿತ್ತು, ಗಂಡನದ್ದು ಗುರಿ ತಪ್ಪಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಅವನು ಅದನ್ನು ಕೈಯೆತ್ತಿ ಅಭಿನಯಿಸಿ ತೋರಿಸಿದ್ದ. ಬಡಿಸುತ್ತಿದ್ದ ಅತ್ತೆ ಕೈಯಲ್ಲಿ ಸೌಟು ಹಿಡಿದೇ ಕೇಳಿದ್ದರು, “ತಾಗಿತಾ?” “ನೇರ ಹಣೆಗೇ ಅಮ್ಮ!” ಎಂದು ಅವನು ಎದೆಯುಬ್ಬಿಸಿದ್ದ. ಅತ್ತೆ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಹಾಕಿದ್ದರು.

ಸೊಸೆ ಅತ್ತೆಯ ಕಾಲ ಬಳಿ ನೆಲಕ್ಕೇ ಕೂತಳು. ಒಂದು ಬಟಾಣಿ ಕೋಡು ತೆಗೆದುಕೊಂಡಳು, ಸುಲಿಯಲಾಗಲಿಲ್ಲ. ಕೋಣೆಯಿಂದ ಅವನ ಸಿಳ್ಳೆ ಕೇಳುತ್ತಿತ್ತು.

“ಅತ್ತೆ,” ಎಂದಳು ಸಣ್ಣ ದನಿಯಲ್ಲಿ, “ಆ ದಿನ ಅವರು ಕಲ್ಲೆಸೆದಿದ್ದು ಹೇಳಿದಾಗ... ನಿಮಗೆ ಏನನ್ನಿಸ್ತು?”

ಅತ್ತೆ ಕೋಡು ಬಿಡಿಸಿ ಕಾಳುಗಳನ್ನು ಪಾತ್ರೆಗೆ ಉದುರಿಸಿದರು.

“ಏನನ್ನಿಸುತ್ತೆ? ಎಸೆಯೋಕೆ ಬದುಕಿದಾನಲ್ಲ ಅನ್ನಿಸ್ತು.”